ಒಂದೇ ಜೀನ್ ಸಾಕೆಂದಾದರೆ, ಅದಿಲ್ಲದ ಇಲಿಗೂ ಸ್ನಾಯು ಬಂದದ್ದು ಹೇಗೆ?

ಅರಳುಮೊಗ್ಗು

ನಮಸ್ಕಾರ. ನಾನು ಎಂಎಸ್ಸಿ ವಿದ್ಯಾರ್ಥಿನಿ, ಮುಂದಿನ ವಾರ ಸೆಮಿನಾರ್ ಕೊಡಬೇಕು. ಬೆಳೆಯುತ್ತಿರುವ ಭ್ರೂಣದಲ್ಲಿ ಯಾವ ಕೋಶ ಏನಾಗಬೇಕು ಅನ್ನೋದನ್ನ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು (ಜೀನುಗಳನ್ನ ಚಾಲೂ ಮಾಡೋ, ನಿಲ್ಲಿಸೋ ಪ್ರೋಟೀನುಗಳು) ಹೇಗೆ ಗೊತ್ತುಮಾಡುತ್ತವೆ ಅನ್ನೋದು ವಿಷಯ. ಓದ್ತಾ ಓದ್ತಾ ಎರಡು ಕಡೆ ಸಿಕ್ಕಿಹಾಕಿಕೊಂಡಿದ್ದೀನಿ.

ಮೊದಲನೆಯದು. 1987ರಲ್ಲಿ ಸಿಯಾಟಲ್‌ನಲ್ಲಿ ಹೆರಾಲ್ಡ್ ವೈನ್‌ಟ್ರಾಬ್ ಅವರ ತಂಡ ಫೈಬ್ರೊಬ್ಲಾಸ್ಟ್ (ಅಂಗಾಂಶಗಳನ್ನ ಹಿಡಿದಿಡೋ ಸಾಮಾನ್ಯ ಕೋಶ) ಕೋಶಗಳೊಳಗೆ ಮಯೋಡಿ ಅನ್ನೋ ಒಂದೇ ಒಂದು ಜೀನನ್ನ ಚಾಲೂ ಮಾಡಿತು. ಕೋಶಗಳು ಸ್ನಾಯುವಾದವು. ಒಂದು ಜೀನ್, ಒಂದು ಹಣೆಬರಹ! ಇಷ್ಟು ಚೆಂದದ ಪ್ರಯೋಗ ಇನ್ನೊಂದಿಲ್ಲ ಅಂದುಕೊಂಡೆ. ಆದರೆ 1992ರಲ್ಲಿ ಮಯೋಡಿಯನ್ನೇ ತೆಗೆದುಹಾಕಿದ ಇಲಿಗಳು ಹುಟ್ಟಿದವು, ಓಡಾಡಿದವು, ಮರಿಯನ್ನೂ ಹಾಕಿದವು. ಸ್ನಾಯು ನೋಡೋಕೆ ಸರಿಯಾಗೇ ಇತ್ತು. ಇವೆರಡನ್ನ ಒಟ್ಟಿಗೆ ಹೇಗೆ ಹೇಳೋದು?

ಎರಡನೆಯದು ಇನ್ನೂ ಕಾಡ್ತಿದೆ. ಎಲ್ಲ ಕೋಶದಲ್ಲೂ ಇರೋದು ಅದೇ ಡಿಎನ್‌ಎ. ಮಯೋಡಿ ಇದೆ ಅಂತಲೇ ಅದು ಸ್ನಾಯು ಆಯ್ತು ಅಂದ್ರೆ, ಅಲ್ಲಿ ಮಯೋಡಿಯನ್ನ ಹಚ್ಚಿದ್ದು, ಅಂದ್ರೆ ಚಾಲೂ ಮಾಡಿದ್ದು, ಯಾರು? ಇನ್ನೊಂದು ಫ್ಯಾಕ್ಟರ್. ಅದನ್ನ ಹಚ್ಚಿದ್ದು? ಮತ್ತೊಂದು. ಹೀಗೇ ಹಿಂದಕ್ಕೆ ಹೋಗ್ತಾ ಹೋದ್ರೆ ಕೊನೆಗೆ ಕೈಗೆ ಏನು ಸಿಗುತ್ತೆ?

ಹಳೇಪಾಠ

ಬಹಳ ವರ್ಷ ಈ ಪಾಠ ಮಾಡಿದ್ದೇನೆ. ನಿಮ್ಮ ಎರಡನೇ ಪ್ರಶ್ನೆಯನ್ನು ಕೇಳುವ ವಿದ್ಯಾರ್ಥಿ ಸಿಕ್ಕ ದಿನ ತರಗತಿ ಬೇರೆಯೇ ಆಗುತ್ತಿತ್ತು. ಅದಕ್ಕೆ ನನಗಿಂತ ಚೆನ್ನಾಗಿ ಉತ್ತರಿಸುವವರು ಇಲ್ಲಿದ್ದಾರೆ. ಮೊದಲನೆಯದನ್ನು ನಾನು ಹಿಡಿಯುತ್ತೇನೆ.

ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎಂದರೆ ಡಿಎನ್‌ಎಯನ್ನು ಓದಿ, ಹತ್ತಿರದ ಅಥವಾ ದೂರದ ಜೀನಿನ ನಕಲು ತೆಗೆಯುವಿಕೆಯನ್ನು ಏರಿಸುವ ಇಲ್ಲವೇ ಇಳಿಸುವ ಪ್ರೋಟೀನು. ಮನುಷ್ಯರಲ್ಲಿ ಇಂಥವು ಸುಮಾರು 1600 ಇವೆ. ಇವು ಓದುವುದು ತೀರಾ ಚಿಕ್ಕ ಪದಗಳನ್ನು. ಮಯೋಡಿ ಹುಡುಕುವ ಪದದ ಹೆಸರು ಇ-ಬಾಕ್ಸ್. ಆರು ಅಕ್ಷರ: ಮೊದಲು ಸಿ, ಎ, ನಡುವೆ ಯಾವುದಾದರೂ ಎರಡು, ಕೊನೆಗೆ ಟಿ, ಜಿ. ಖಚಿತವಾಗಿರಬೇಕಾದ್ದು ನಾಲ್ಕೇ ಅಕ್ಷರ. ಹಾಗಾಗಿ ಲೆಕ್ಕದ ಪ್ರಕಾರ 256 ಅಕ್ಷರಕ್ಕೊಮ್ಮೆ ಈ ಪದ ಎದುರಾಗುತ್ತದೆ. ಸುಮಾರು 300 ಕೋಟಿ ಅಕ್ಷರಗಳ ಜೀನೋಮಿನಲ್ಲಿ ಒಂದು ಕೋಟಿಗೂ ಹೆಚ್ಚು ಕಡೆ! ಇಷ್ಟೊಂದು ಮನೆಗಳಿಗೆ ಒಂದೇ ವಿಳಾಸವಿದ್ದರೆ ಆ ವಿಳಾಸದಿಂದ ಏನು ಪ್ರಯೋಜನ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಉಳಿದದ್ದೆಲ್ಲ ಇದರಿಂದಲೇ ಹುಟ್ಟುತ್ತದೆ.

ಮಯೋಡಿ ಒಂಟಿಯಾಗಿ ಡಿಎನ್‌ಎಯನ್ನು ಸರಿಯಾಗಿ ಹಿಡಿಯಲಾರದು. ಇ-ಪ್ರೋಟೀನ್ ಎಂಬ ಜೊತೆಗಾರ ಬೇಕು. ಕೋಶದಲ್ಲಿ ಐಡಿ ಎಂಬ ಇನ್ನೊಂದು ಪ್ರೋಟೀನು ಹೆಚ್ಚಾಗಿದ್ದರೆ ಅದು ಆ ಜೊತೆಗಾರನನ್ನೇ ಕಟ್ಟಿಕೊಂಡು ಕೂರುತ್ತದೆ. ಐಡಿಗೆ ಡಿಎನ್‌ಎ ಹಿಡಿಯುವ ಭಾಗವೇ ಇಲ್ಲ, ಆದ್ದರಿಂದ ಆ ಜೋಡಿ ಯಾವ ಕೆಲಸಕ್ಕೂ ಬಾರದು. ಮಯೋಡಿ ಇದ್ದೂ ಇಲ್ಲದಂತೆ.

ಇನ್ನು 1992ರ ಇಲಿ. ಮಯೋಡಿಗೆ ಮಿಫ್5 ಎಂಬ ಒಡಹುಟ್ಟು ಇದೆ. ಮಯೋಡಿ ಹೋದಾಗ ಮಿಫ್5 ಪ್ರಮಾಣ ಏರಿತು. ಮಿಫ್5 ಒಂದನ್ನೇ ತೆಗೆದರೂ ಸ್ನಾಯು ಬಂತು. 1993ರಲ್ಲಿ ಎರಡನ್ನೂ ತೆಗೆದಾಗ ಮರಿಗಳಲ್ಲಿ ಅಸ್ಥಿಸ್ನಾಯು ಇರಲೇ ಇಲ್ಲ. ಅವು ಹುಟ್ಟಿದೊಡನೆ ಸತ್ತವು. 1987ರ ಪ್ರಯೋಗ ತೋರಿಸಿದ್ದು ಮಯೋಡಿ ಸಾಕು ಎಂಬುದನ್ನು, 1992ರದ್ದು ಮಯೋಡಿಯೇ ಬೇಕೆಂದಿಲ್ಲ ಎಂಬುದನ್ನು. ಸಾಕಾಗುವುದು ಬೇರೆ, ಬೇಕೇ ಬೇಕಾಗುವುದು ಬೇರೆ.

ನಾಲ್ಕನೇದಿನ

ಹಳೇಪಾಠ ಅವರೇ, ಸಣ್ಣ ಸೇರ್ಪಡೆ. 1993ರ ಇಲಿಗಳ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಿಫ್5 ಪಕ್ಕದಲ್ಲೇ ಎಂಆರ್‌ಎಫ್4 ಎಂಬ ಮೂರನೇ ಒಡಹುಟ್ಟು ಇದೆ, ಅದೇ ಕ್ರೋಮೋಸೋಮಿನಲ್ಲಿ, ಕೂಗಳತೆ ದೂರದಲ್ಲಿ. ಮಿಫ್5ನ್ನು ಕೆಡಿಸುವಾಗ ತಿಳಿಯದೆ ಅದರ ಕೆಲಸಕ್ಕೂ ಏಟು ಬಿದ್ದಿತ್ತು. 2004ರಲ್ಲಿ ಎಂಆರ್‌ಎಫ್4ನ್ನು ಉಳಿಸಿಕೊಂಡು ಉಳಿದೆರಡನ್ನು ಮಾತ್ರ ತೆಗೆದು ನೋಡಿದರು. ಭ್ರೂಣದಲ್ಲಿ ಒಂದಿಷ್ಟು ಸ್ನಾಯು ಬಂತು. ಅಂದರೆ ಬಾಗಿಲು ತೆರೆಯಬಲ್ಲವರು ಇಬ್ಬರಲ್ಲ, ಮೂವರು. ಸೆಮಿನಾರಿನಲ್ಲಿ 1993ರ ಫಲಿತಾಂಶ ಹೇಳುವಾಗ ಇದನ್ನೂ ಸೇರಿಸಿ. ಯಾರಾದರೂ ಕೇಳಿಯೇ ಕೇಳುತ್ತಾರೆ.

ಹಳೇಪಾಠ

ಸರಿಯಾದ ತಿದ್ದುಪಡಿ, ಧನ್ಯವಾದ. ನನ್ನ ಟಿಪ್ಪಣಿಗಳು ಅದಕ್ಕಿಂತ ಹಿಂದಿನವು.

ಪ್ರಶ್ನಾರ್ಥಕ

ಒಡಹುಟ್ಟುಗಳು ಇರುವುದರಿಂದ, ಕೋಶದ ಹಣೆಬರಹವನ್ನು ಒಂದೇ ಜೀನ್ ಬರೆಯುತ್ತದೆ ಎನ್ನುವ "ಮಾಸ್ಟರ್ ಜೀನ್" ಎಂಬ ಮಾತು ಸುಳ್ಳಾಗುವುದಿಲ್ಲ ಅಲ್ಲವೇ? ಯಜಮಾನ ಒಬ್ಬನ ಬದಲು ಮೂವರು ಎಂದಾಯಿತು, ಅಷ್ಟೇ. ಕಣ್ಣು ಕಟ್ಟಿಸುವ ಪ್ಯಾಕ್ಸ್6 ಎಂಬ ಜೀನ್ ನೋಡಿ. 1995ರಲ್ಲಿ ವಾಲ್ಟರ್ ಗೆರಿಂಗ್ ತಂಡ ಹಣ್ಣಿನ ನೊಣದ ಕಾಲು, ರೆಕ್ಕೆ, ಮೀಸೆಗಳ ಮೇಲೆ ಕಣ್ಣು ಬರಿಸಿತು. ಒಂದೇ ಜೀನಿನಿಂದ. ಇದಕ್ಕಿಂತ ದೊಡ್ಡ ಯಜಮಾನಿಕೆ ಯಾವುದಿದೆ?

ಕೆಂಗಣ್ಣನೊಣ

ಆ ನೊಣಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಸೂಕ್ಷ್ಮದರ್ಶಕದ ಕೆಳಗೆ ಕಾಲಿನ ಗಿಣ್ಣಿನ ಹತ್ತಿರ ಕೆಂಪಗೆ ಹೊಳೆಯುವ ಕಿರುಗಣ್ಣುಗಳ ಗುಂಪು, ನಿಜವಾದ ಕಣ್ಣಿನಲ್ಲಿರುವಂತೆಯೇ ಜೋಡಿಸಿಟ್ಟದ್ದು. ಮೊದಲ ಸಲ ನೋಡಿದ ದಿನ ಊಟ ಮರೆತೆ. ಹಾಗಾಗಿ ಪ್ರಶ್ನಾರ್ಥಕ ಅವರ ಉತ್ಸಾಹ ನನಗೆ ಅರ್ಥವಾಗುತ್ತದೆ.

ಆದರೆ ಅಂಥ ನೂರು ನೊಣ ನೋಡಿದ ಮೇಲೆ ಇನ್ನೊಂದು ಕಾಣತೊಡಗುತ್ತದೆ. ಕಣ್ಣು ಎಲ್ಲಿ ಬೇಕಾದಲ್ಲಿ ಬರುವುದಿಲ್ಲ. ಜೀನನ್ನು ಇಡೀ ಕಾಲಿನ ಎಳೆಯ ಅಂಗಾಂಶದಲ್ಲಿ ಹಚ್ಚಿದರೂ ಕಣ್ಣು ಏಳುವುದು ಅದರ ಕೆಲವೇ ಜಾಗಗಳಲ್ಲಿ. ಆ ಜಾಗಗಳಲ್ಲಿ ಬೇರೆ ಸಂಕೇತಗಳು, ಮುಖ್ಯವಾಗಿ ಡಿಪಿಪಿ ಮತ್ತು ಹೆಡ್ಜ್‌ಹಾಗ್, ಮೊದಲೇ ಇರುತ್ತವೆ. ಅವು ಇಲ್ಲದ ಕಡೆ ಅದೇ ಪ್ಯಾಕ್ಸ್6 ತುಂಬಿ ತುಳುಕಿದರೂ ಕಣ್ಣಿಲ್ಲ.

ಇನ್ನೊಂದು. ಅದೇ 1995ರ ಕೆಲಸದಲ್ಲಿ ಇಲಿಯ ಪ್ಯಾಕ್ಸ್6ನ್ನೂ ನೊಣಕ್ಕೆ ಕೊಟ್ಟರು. ಕಣ್ಣು ಬಂತು. ಯಾವ ಕಣ್ಣು? ನೊಣದ ಕಣ್ಣು! ಮಸೂರವೊಂದರ ಇಲಿಯ ಕಣ್ಣಲ್ಲ. ಪ್ಯಾಕ್ಸ್6 ತನ್ನೊಳಗೆ ಕಣ್ಣಿನ ನಕ್ಷೆಯನ್ನು ಹೊತ್ತು ತಂದಿದ್ದರೆ ಇಲಿಯದೇ ಬರಬೇಕಿತ್ತು. ಅದು ತಂದದ್ದು ಒಂದು ಮಾತು ಮಾತ್ರ. ಅದಕ್ಕೆ ಅರ್ಥ ಕೊಟ್ಟದ್ದು ಕೇಳಿಸಿಕೊಂಡ ಕೋಶ.

ಈ ಕೊನೆಯ ವಾಕ್ಯಕ್ಕಾಗಿ ನಾನು ಯಾರ ಜೊತೆಗೂ ಜಗಳಕ್ಕೆ ಸಿದ್ಧ.

ನಾಲ್ಕನೇದಿನ

ನಿಮ್ಮ ಜೊತೆಗೆ ನಿಲ್ಲುತ್ತೇನೆ. ಮನುಷ್ಯರಲ್ಲಿ ಪ್ಯಾಕ್ಸ್6ರ ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಅನಿರಿಡಿಯಾ ಬರುತ್ತದೆ. ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪರದೆ ಪೂರ್ತಿ ಅಥವಾ ಬಹುಪಾಲು ಇರುವುದಿಲ್ಲ. ಒಂದು ಪ್ರತಿ ಚೆನ್ನಾಗಿದ್ದರೂ ಸಾಲದು, ಪ್ರಮಾಣವೂ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ಮುಖ್ಯ, ಇದೇ ಪ್ರೋಟೀನು ಮೇದೋಜೀರಕ ಗ್ರಂಥಿಯಲ್ಲೂ ಕೆಲಸ ಮಾಡುತ್ತದೆ. ಪ್ಯಾಕ್ಸ್6 ಇಲ್ಲದ ಇಲಿ ಭ್ರೂಣದ ಮೇದೋಜೀರಕದಲ್ಲಿ ಗ್ಲುಕಗಾನ್ ಸುರಿಸುವ ಆಲ್ಫಾ ಕೋಶಗಳೇ ಹುಟ್ಟುವುದಿಲ್ಲ. ಬೆನ್ನುಹುರಿಯಲ್ಲಿ ಯಾವ ನರಕೋಶ ಎಲ್ಲಿ ಹುಟ್ಟಬೇಕೆಂಬ ಗಡಿಯನ್ನೂ ಅದು ಹಾಕುತ್ತದೆ. "ಕಣ್ಣಿನ ಯಜಮಾನ" ಮೇದೋಜೀರಕದಲ್ಲಿ ಏನು ಮಾಡುತ್ತಿದ್ದಾನೆ?

ಪ್ರಶ್ನಾರ್ಥಕ

ಇಲಿಯ ಜೀನಿನಿಂದ ನೊಣದ ಕಣ್ಣು ಬಂತೆಂದು ಗೊತ್ತಿತ್ತು. ಅದನ್ನು "ನೋಡಿ, ಜೀನ್ ಎಷ್ಟು ಬಲಶಾಲಿ" ಎಂದೇ ಇಷ್ಟು ದಿನ ಓದಿಕೊಂಡಿದ್ದೆ. ತಿರುಗಿಸಿ ಓದಬಹುದೆಂದು ಹೊಳೆದಿರಲಿಲ್ಲ. ಯಜಮಾನ ಎಂಬ ಪದವನ್ನು ಸದ್ಯಕ್ಕೆ ಕೆಳಗಿಡುತ್ತೇನೆ. ಆದರೆ ಅರ್ಥ ಕೊಡುವುದು ಕೋಶ ಎಂದರೆ, ಕೋಶಕ್ಕೆ ಆ ಸ್ವಭಾವ ಎಲ್ಲಿಂದ ಬಂತು? ಅರಳುಮೊಗ್ಗು ಅವರ ಎರಡನೇ ಪ್ರಶ್ನೆಗೇ ಬಂದು ನಿಂತೆವು.

ಕೆಂಗಣ್ಣನೊಣ

ಹೌದು, ಅಲ್ಲಿಗೇ ಬರಬೇಕಿತ್ತು. ನೊಣದಲ್ಲಿ ಉತ್ತರ ಅಚ್ಚುಕಟ್ಟಾಗಿ ಸಿಗುತ್ತದೆ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಹಿಂದಕ್ಕೆ ಹಿಂದಕ್ಕೆ ಹೋದರೆ ಕೊನೆಗೆ ಸಿಗುವುದು ತಾಯಿ. ನೊಣದ ಮೊಟ್ಟೆ ಅರ್ಧ ಮಿಲಿಮೀಟರ್ ಉದ್ದ. ಅದು ತಾಯಿಯ ಅಂಡಾಶಯದಲ್ಲಿ ಬೆಳೆಯುವಾಗಲೇ ಬೈಕಾಯ್ಡ್ ಎಂಬ ಜೀನಿನ ನಕಲು, ಅಂದರೆ ಆರ್‌ಎನ್‌ಎ ಮೊಟ್ಟೆಯ ಒಂದು ತುದಿಗೆ ಸಾಗಿಹೋಗಿ ಅಲ್ಲೇ ಲಂಗರು ಹಾಕಿಕೊಳ್ಳುತ್ತದೆ. ಆ ತುದಿ ಮುಂದೆ ತಲೆಯಾಗುತ್ತದೆ. ಮೊಟ್ಟೆ ಇಟ್ಟ ಮೇಲೆ ಆ ಆರ್‌ಎನ್‌ಎಯಿಂದ ಬೈಕಾಯ್ಡ್ ಪ್ರೋಟೀನು ತಯಾರಾಗಿ ಹಿಂದಕ್ಕೆ ಹರಡುತ್ತದೆ. ಹರಡಲು ಅಡ್ಡಿಯಿಲ್ಲ, ಏಕೆಂದರೆ ಆ ಹೊತ್ತಿಗೆ ಅಲ್ಲಿ ಕೋಶಗಳೇ ಇಲ್ಲ! ಗೋಡೆಗಳಿಲ್ಲದ ಒಂದೇ ಚೀಲದೊಳಗೆ ನ್ಯೂಕ್ಲಿಯಸ್‌ಗಳು ಮಾತ್ರ ಮತ್ತೆ ಮತ್ತೆ ಇಬ್ಭಾಗವಾಗುತ್ತವೆ. 13 ಸುತ್ತು ಮುಗಿಯುವಾಗ ಮೇಲ್ಮೈಯಲ್ಲಿ ಸುಮಾರು 6000 ನ್ಯೂಕ್ಲಿಯಸ್‌ಗಳು. ತಲೆಯ ಕಡೆಯವು ಬೈಕಾಯ್ಡ್‌ನಲ್ಲಿ ಮುಳುಗಿರುತ್ತವೆ, ನಡುವಿನವಕ್ಕೆ ಸ್ವಲ್ಪ ಸಿಗುತ್ತದೆ, ಬಾಲದ ಕಡೆ ಇಲ್ಲವೆನ್ನುವಷ್ಟು ಕಡಿಮೆ. ಡಿಎನ್‌ಎ ಒಂದೇ ಆದರೂ 6000 ನ್ಯೂಕ್ಲಿಯಸ್‌ಗಳಿಗೆ ಆಗಲೇ ನಿಂತ ಜಾಗದ ಗುರುತು ಸಿಕ್ಕಾಯಿತು.

ತಾಯಿಯಲ್ಲಿ ಬೈಕಾಯ್ಡ್ ಇಲ್ಲದಿದ್ದರೆ ಭ್ರೂಣಕ್ಕೆ ತಲೆಯೂ ಇಲ್ಲ, ಎದೆಭಾಗವೂ ಇಲ್ಲ. ಮುಂದಿನ ತುದಿಯಲ್ಲೂ ಬಾಲದ ತುದಿಯ ರಚನೆಯೇ ಬರುತ್ತದೆ. ಮರಿಯ ಸ್ವಂತ ಜೀನ್ ಸರಿಯಿದ್ದರೂ ಪ್ರಯೋಜನವಿಲ್ಲ, ಲೆಕ್ಕಕ್ಕೆ ಬರುವುದು ತಾಯಿಯದು. ತಾಯಿಗೆ ಹೆಚ್ಚುವರಿ ಪ್ರತಿಗಳನ್ನು ಕೊಟ್ಟರೆ ತಲೆಯ ಗಡಿ ಹಿಂದಕ್ಕೆ ಸರಿಯುತ್ತದೆ. 1988ರ ಈ ಫಲಿತಾಂಶ ಕ್ರಿಸ್ಟಿಯಾನೆ ನ್ಯೂಸ್‌ಲೈನ್-ಫೋಲ್‌ಹಾರ್ಡ್ ಅವರ ಪ್ರಯೋಗಾಲಯದ್ದು. ಭ್ರೂಣದ ಆಕಾರ ಕೆಡಿಸುವ ಜೀನುಗಳನ್ನು ಹುಡುಕಿದ್ದಕ್ಕೆ ಅವರಿಗೆ ಮತ್ತು ಎರಿಕ್ ವೀಶೌಸ್‌ಗೆ, ಎಡ್ವರ್ಡ್ ಲೂಯಿಸ್ ಜೊತೆಯಲ್ಲಿ, 1995ರ ನೊಬೆಲ್ ಬಂತು.

ಈಗ ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ. ಬೈಕಾಯ್ಡ್ ಇಳಿಜಾರಿನಂತೆ ಮೆಲ್ಲಗೆ ಕಡಿಮೆಯಾಗುತ್ತದೆ. ಆದರೆ ಇನ್ನೊಂದು ಗಂಟೆಯಲ್ಲಿ ಈವನ್-ಸ್ಕಿಪ್ಡ್ ಎಂಬ ಜೀನ್ ಮೈಸುತ್ತ ಏಳು ಪಟ್ಟೆಗಳಲ್ಲಿ ಹತ್ತಿಕೊಳ್ಳುತ್ತದೆ, ಒಂದೊಂದೂ ಕೆಲವೇ ನ್ಯೂಕ್ಲಿಯಸ್‌ಗಳ ಅಗಲ. ಇಳಿಜಾರಿನಿಂದ ಪಟ್ಟೆ ಹೇಗೆ ಬರುತ್ತದೆ? ಎರಡನೇ ಪಟ್ಟೆಯನ್ನಷ್ಟೇ ನೋಡಿ. ಅದಕ್ಕೆಂದೇ ಆ ಜೀನಿನ ಹಿಂದೆ ಸುಮಾರು 480 ಅಕ್ಷರಗಳ, ಫ್ಯಾಕ್ಟರ್‌ಗಳು ಬಂದು ಕೂರುವ ಡಿಎನ್‌ಎ ತುಂಡು, ಅಂದರೆ ಒಂದು ಎನ್‌ಹ್ಯಾನ್ಸರ್ ಇದೆ. ಬೈಕಾಯ್ಡ್ ಮತ್ತು ಇನ್ನೊಂದು ಫ್ಯಾಕ್ಟರ್ ಹಂಚ್‌ಬ್ಯಾಕ್ ಅಲ್ಲಿ ಕೂತರೆ "ಹಚ್ಚು". ಜೈಂಟ್ ಅಥವಾ ಕ್ರುಪೆಲ್ ಎಂಬ ಫ್ಯಾಕ್ಟರ್ ಕೂತರೆ "ಬೇಡ". ಜೈಂಟ್ ಇರುವುದು ಆ ಪಟ್ಟೆಯ ಮುಂದುಗಡೆ, ಕ್ರುಪೆಲ್ ಹಿಂದುಗಡೆ. ಹಚ್ಚುವವರಿಬ್ಬರೂ ಇದ್ದು ತಡೆಯುವವರಿಬ್ಬರೂ ಇಲ್ಲದ ಸಂದು ಒಂದೇ ಕಡೆ ಇದೆ. ಪಟ್ಟೆ ಅಲ್ಲೇ ಏಳುತ್ತದೆ! ಜೈಂಟ್ ಕೂರುವ ಜಾಗಗಳನ್ನು ಕೆಡಿಸಿದರೆ ಪಟ್ಟೆ ಮುಂದಕ್ಕೆ ಹಬ್ಬುತ್ತದೆ. ಮೈಕಲ್ ಲೆವಿನ್ ಅವರ ಗುಂಪು ಇದನ್ನು 1990ರ ದಶಕದ ಆರಂಭದಲ್ಲಿ ಒಂದೊಂದೇ ಜಾಗ ಕೆಡಿಸಿ ತೋರಿಸಿತು. ಬೇರೆ ಪಟ್ಟೆಗಳಿಗೆ ಬೇರೆ ಎನ್‌ಹ್ಯಾನ್ಸರ್‌ಗಳು.

ಹಳೇಪಾಠ ಅವರ ವಿಳಾಸದ ಪ್ರಶ್ನೆಗೂ ಇದೇ ಉತ್ತರ. ಒಂದು ಫ್ಯಾಕ್ಟರ್ ಓದುವ ಪದ ಕೋಟಿ ಕಡೆ ಇರಬಹುದು. ಇಂಥ ನಾಲ್ವರ ಪದಗಳು ಒತ್ತೊತ್ತಾಗಿ ಕೂಡಿ ಬರುವ ಜಾಗ ತೀರಾ ಅಪರೂಪ.

ಅರಳುಮೊಗ್ಗು

ಇದನ್ನ ಮೂರು ಸಲ ಓದಿದೆ. ಪುಸ್ತಕದಲ್ಲಿ ಇದೇ ಚಿತ್ರ ಇತ್ತು, ಪುಟ ತಿರುಗಿಸಿ ಮುಂದೆ ಹೋಗಿದ್ದೆ. ಒಂದು ಅನುಮಾನ: "ಬೇಡ" ಅನ್ನೋರು ಇಷ್ಟು ಮುಖ್ಯನಾ? ನಾನು ಬರೆದಿಟ್ಟ ಸ್ಲೈಡ್‌ಗಳಲ್ಲಿ ಎಲ್ಲ ಬಾಣಗಳೂ "ಹಚ್ಚು" ಅಂತಲೇ ಇವೆ.

ಕೆಂಗಣ್ಣನೊಣ

ತುಂಬಾ ಮುಖ್ಯ. ಇಳಿಜಾರು ಎಲ್ಲಿ ಶುರುವಾಯಿತು ಎಂದು ಹೇಳಬಲ್ಲದು, ಎಲ್ಲಿ ನಿಲ್ಲಿಸಬೇಕೆಂದು ಖಡಾಖಂಡಿತವಾಗಿ ಹೇಳುವುದು ತಡೆಯುವವರು. ಜೊತೆಗೆ ಈ ತಡೆಯುವವರು ಒಬ್ಬರನ್ನೊಬ್ಬರೂ ತಡೆಯುತ್ತಾರೆ. ಜೈಂಟ್ ಇರುವಲ್ಲಿ ಕ್ರುಪೆಲ್ ಇಲ್ಲ, ಕ್ರುಪೆಲ್ ಇರುವಲ್ಲಿ ಜೈಂಟ್ ಇಲ್ಲ. ಅದರಿಂದಲೇ ಗಡಿ ಹರಿತವಾಗುತ್ತದೆ.

ಪ್ರಶ್ನಾರ್ಥಕ

ಹಾಗಾದರೆ ಎಲ್ಲ ಪ್ರಾಣಿಗಳಲ್ಲೂ ತಾಯಿಯೇ ಮೊಟ್ಟೆಯೊಳಗೆ ನಕ್ಷೆ ಬರೆದಿಡುತ್ತಾಳೆ ಎಂದು ತೀರ್ಮಾನಿಸಬಹುದೇ?

ನಾಲ್ಕನೇದಿನ

ಬೇಡ. ಇಲಿಯಲ್ಲಿ ಹಾಗಿಲ್ಲ. 1959ರಲ್ಲಿ ಪೋಲೆಂಡಿನ ಆಂಜೆಯ್ ಟಾರ್ಕೊವ್‌ಸ್ಕಿ ಎರಡು ಕೋಶದ ಇಲಿ ಭ್ರೂಣದಲ್ಲಿ ಒಂದನ್ನು ನಾಶಮಾಡಿ ಉಳಿದ ಒಂದೇ ಕೋಶದಿಂದ ಪೂರ್ತಿ ಇಲಿ ಹುಟ್ಟಬಲ್ಲದೆಂದು ತೋರಿಸಿದರು. ಮೊಟ್ಟೆಯಲ್ಲಿ ನೊಣದಂಥ ನಕ್ಷೆ ಇದ್ದಿದ್ದರೆ ಅರ್ಧ ಇಲಿ ಬರಬೇಕಿತ್ತು.

ಇಲಿಯಲ್ಲಿ ಮೊದಲ ಭೇದ ಹುಟ್ಟುವುದು ಜಾಗದಿಂದ. ಕೋಶಗಳು ಹದಿನಾರು, ಮೂವತ್ತೆರಡು ಆಗುವಾಗ ಕೆಲವು ಹೊರಗೆ ಉಳಿಯುತ್ತವೆ, ಕೆಲವು ಒಳಗೆ ಸೇರುತ್ತವೆ. ಹೊರಗಿನ ಕೋಶಕ್ಕೆ ಒಂದು ಮುಖ ಬಯಲಿಗೆ ತೆರೆದಿರುತ್ತದೆ. ಅಂಥ ಕೋಶದಲ್ಲಿ ಯಾಪ್ ಎಂಬ ಪ್ರೋಟೀನು ನ್ಯೂಕ್ಲಿಯಸ್ ಸೇರಿ ಟೀಡ್4 ಜೊತೆಗೂಡಿ ಸಿಡಿಎಕ್ಸ್2 ಎಂಬ ಜೀನನ್ನು ಹಚ್ಚುತ್ತದೆ. ಆ ಕೋಶ ಮುಂದೆ ಮಾಸುವಿನ ಭಾಗವಾಗುತ್ತದೆ. ಒಳಗಿನ ಕೋಶದ ಎಲ್ಲ ಮುಖಕ್ಕೂ ನೆರೆಯವರು ಒತ್ತಿಕೊಂಡಿರುತ್ತಾರೆ. ಅಲ್ಲಿ ಯಾಪ್ ನ್ಯೂಕ್ಲಿಯಸ್ಸಿನ ಹೊರಗೇ ಉಳಿಯುತ್ತದೆ, ಸಿಡಿಎಕ್ಸ್2 ಹತ್ತುವುದಿಲ್ಲ, ಆಕ್ಟ್4 ಎಂಬ ಫ್ಯಾಕ್ಟರ್ ಉಳಿಯುತ್ತದೆ. ಇಲಿಮರಿ ಹುಟ್ಟುವುದು ಈ ಒಳಗಿನವರಿಂದ. ಮುಂದಿನ ಸುತ್ತಿನಲ್ಲಿ ಒಳಗಿನವರಲ್ಲೇ ನ್ಯಾನಾಗ್ ಮತ್ತು ಗಾಟಾ6 ಎಂಬ ಫ್ಯಾಕ್ಟರ್‌ಗಳು ಬೇರೆಬೇರೆ ಕೋಶ ಹಿಡಿಯುತ್ತವೆ. ನಾಲ್ಕನೇ ದಿನದ ಆಸುಪಾಸಿಗೆ ಇಷ್ಟು ಮುಗಿದಿರುತ್ತದೆ.

ಬೈಕಾಯ್ಡ್ ಕೂಡ ಎಲ್ಲ ಕೀಟಗಳ ಆಸ್ತಿಯಲ್ಲ. ಅದು ನೊಣಗಳ ವಂಶದಲ್ಲಿ ದೇಹದ ಭಾಗಗಳನ್ನು ಗೊತ್ತುಮಾಡುವ ಹಾಕ್ಸ್ ಬಳಗದ ಒಂದು ಜೀನಿನ ಹೆಚ್ಚುವರಿ ಪ್ರತಿಯಿಂದ ಹುಟ್ಟಿದ ಹೊಸಬ. ಹಿಟ್ಟಿನ ಕೆಂಪು ಜೀರುಂಡೆಗೆ ಬೈಕಾಯ್ಡ್ ಇಲ್ಲ, ತಲೆ ಇದೆ.

ಎಳೆಹುಳ

ನಾನು ಸಿ. ಎಲೆಗನ್ಸ್ ಹುಳದ ಪರವಾಗಿ ಬಂದಿದ್ದೇನೆ. ತಾಯಿ ಕೊಟ್ಟದ್ದು ಮತ್ತು ನೆರೆಯವರು ಹೇಳಿದ್ದು ಎರಡೂ ಒಂದೇ ಕೋಶದಲ್ಲಿ ಸೇರುವುದನ್ನು ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಜೀವಿ ಸಿಗಲಾರದು. ವಯಸ್ಕ ದ್ವಿಲಿಂಗಿ ಹುಳದ ಮೈಯಲ್ಲಿ 959 ಕೋಶಗಳು. ಪ್ರತಿಯೊಂದರ ವಂಶಾವಳಿಯೂ ಗೊತ್ತು. ಭ್ರೂಣದ ವಂಶಾವಳಿಯನ್ನು ಜಾನ್ ಸಲ್ಸ್‌ಟನ್ ಮತ್ತು ಜೊತೆಗಾರರು ಸೂಕ್ಷ್ಮದರ್ಶಕದ ಮುಂದೆ ಕೂತು, ಕಣ್ಣಿನಲ್ಲೇ ಹಿಂಬಾಲಿಸಿ, 1983ರಲ್ಲಿ ಪೂರ್ತಿ ಪ್ರಕಟಿಸಿದರು.

ಕರುಳನ್ನು ನೋಡಿ. ಹುಳದ ಕರುಳು 20 ಕೋಶ, ಎಲ್ಲವೂ ಇ ಎಂಬ ಒಂದೇ ಕೋಶದ ಮಕ್ಕಳು. ಇ ಹುಟ್ಟುವುದು ಇಎಂಎಸ್ ಎಂಬ ತಾಯಿಕೋಶದಿಂದ. ಅದರ ಇನ್ನೊಂದು ಮಗು ಎಂಎಸ್, ಅದು ಸ್ನಾಯು ಮತ್ತು ಗಂಟಲಿನ ಭಾಗ ಕಟ್ಟುತ್ತದೆ. ನಾಲ್ಕು ಕೋಶದ ಭ್ರೂಣದಲ್ಲಿ ಇಎಂಎಸ್‌ಗೆ ತಾಯಿಯಿಂದ ಬಂದ ಎಸ್‌ಕೆಎನ್-1 ಎಂಬ ಫ್ಯಾಕ್ಟರ್ ಸಿಕ್ಕಿರುತ್ತದೆ. ಆದರೆ ಅದು ಪಕ್ಕದ ಪಿ2 ಕೋಶದಲ್ಲೂ ಇದೆ! ಪಿ2 ಯಾಕೆ ಕರುಳಾಗುವುದಿಲ್ಲ? ಅಲ್ಲಿ ಪೈ-1 ಎಂಬ ಇನ್ನೊಂದು ಪ್ರೋಟೀನು ನಕಲು ತೆಗೆಯುವ ಕೆಲಸವನ್ನೇ ನಿಲ್ಲಿಸಿರುತ್ತದೆ. ಪೈ-1 ಕೆಟ್ಟ ಭ್ರೂಣದಲ್ಲಿ ಪಿ2 ಕೂಡ ಹೆಚ್ಚುವರಿ ಕರುಳು, ಗಂಟಲು ಕಟ್ಟುತ್ತದೆ. ಫ್ಯಾಕ್ಟರ್ ಇದೆ ಎಂಬುದಕ್ಕೂ ಅದರ ಮಾತು ನಡೆಯುತ್ತದೆ ಎಂಬುದಕ್ಕೂ ಎಷ್ಟು ಅಂತರ ಎನ್ನುವುದಕ್ಕೆ ನಾನು ಕೊಡುವ ಮೊದಲ ಉದಾಹರಣೆ ಇದೇ.

ಇನ್ನು ಒಂದೇ ತಾಯಿಯ ಇಬ್ಬರು ಮಕ್ಕಳಲ್ಲಿ ಇ ಮಾತ್ರ ಕರುಳಾಗುವುದೇಕೆ? ಪಿ2 ಅದನ್ನು ಮುಟ್ಟಿಕೊಂಡಿರುವುದರಿಂದ. 1992ರಲ್ಲಿ ಬಾಬ್ ಗೋಲ್ಡ್‌ಸ್ಟೀನ್ ಪಿ2ವನ್ನು ಬೇಗ ಬೇರ್ಪಡಿಸಿದರು, ಕರುಳೇ ಬರಲಿಲ್ಲ. ಮುಂದೆ ಪಿ2ವನ್ನು ಇಎಂಎಸ್‌ನ ಇನ್ನೊಂದು ಮಗ್ಗುಲಿಗೆ ತಂದಿಟ್ಟಾಗ ಆ ಕಡೆಯ ಮಗುವಿನಿಂದ ಕರುಳು ಬಂತು. ಪಿ2 ಕಳಿಸುವುದು ವಿಂಟ್ ಸಂಕೇತ. ಅದು ಇ ಒಳಗೆ ಪಾಪ್-1 ಎಂಬ ಫ್ಯಾಕ್ಟರಿನ ಮಟ್ಟ ಮತ್ತು ನಡತೆಯನ್ನು ಬದಲಿಸುತ್ತದೆ. ಎಂಎಸ್‌ನಲ್ಲಿ ಪಾಪ್-1 ಕರುಳಿನ ಜೀನುಗಳನ್ನು ಅದುಮಿ ಹಿಡಿಯುತ್ತದೆ. ಇಯಲ್ಲಿ ಅದೇ ಪಾಪ್-1, ಸಿಸ್-1 ಎಂಬ ಜೊತೆಗಾರನ ಕೈಹಿಡಿದು, ಅವೇ ಜೀನುಗಳನ್ನು ಎಬ್ಬಿಸಲು ನೆರವಾಗುತ್ತದೆ. ಅಕ್ಕತಂಗಿಯರಲ್ಲಿ ಒಂದೇ ಪ್ರೋಟೀನು, ಒಂದೇ ಡಿಎನ್‌ಎ, ತದ್ವಿರುದ್ಧ ಕೆಲಸ.

ಹಳೇಪಾಠ

ಎಳೆಹುಳ ಅವರ ಪೋಸ್ಟ್ ಓದಿ, ಇದನ್ನು ನಾನು ತರಗತಿಯಲ್ಲಿ ಹೀಗೆ ಹೇಳಬೇಕಿತ್ತು ಅನ್ನಿಸಿತು.

ಅರಳುಮೊಗ್ಗು, ಎರಡು ಪದಗಳನ್ನು ಕಲಸಿಬಿಡಬೇಡಿ. ಸ್ಪೆಸಿಫಿಕೇಶನ್ ಎಂದರೆ ಕೋಶವನ್ನು ಯಾರ ಸಹವಾಸವೂ ಇಲ್ಲದ ತಟ್ಟೆಯಲ್ಲಿ ಒಂಟಿಯಾಗಿಟ್ಟಾಗ ಅದು ತಾನು ಹಿಡಿದ ದಾರಿಯಲ್ಲೇ ಹೋಗುವುದು. ಡಿಟರ್ಮಿನೇಶನ್ ಎಂದರೆ ಭ್ರೂಣದ ಬೇರೆ ಮೂಲೆಗೆ ತೆಗೆದುಕೊಂಡು ಹೋಗಿ ನೆಟ್ಟರೂ ದಾರಿ ಬಿಡದಿರುವುದು. ಮೊದಲನೆಯದರಲ್ಲಿ ಮನಸ್ಸು ಮಾಡಿದೆ, ಇನ್ನೂ ಬದಲಿಸಬಹುದು. ಎರಡನೆಯದರಲ್ಲಿ ಕಟ್ಟುಬಿದ್ದಿದೆ.

ಅರಳುಮೊಗ್ಗು

ಹಾಗಾದ್ರೆ ಮನಸ್ಸು ಮಾಡಿದ್ದು ಕಟ್ಟುಬೀಳೋದು ಹೇಗೆ? ಬೈಕಾಯ್ಡ್ ಕೆಲವು ಗಂಟೆಯಲ್ಲಿ ಹೋಗಿಬಿಡುತ್ತೆ. ಪಿ2 ಮುಟ್ಟಿದ್ದು ಸ್ವಲ್ಪ ಹೊತ್ತು. ಹೇಳಿದವರು ಹೋದ ಮೇಲೂ ಕೋಶ ನೆನಪಿಟ್ಟುಕೊಳ್ಳೋದು ಎಲ್ಲಿ?

ಎಳೆಹುಳ

ಒಂದು ದಾರಿ, ತನ್ನನ್ನು ತಾನೇ ಹಚ್ಚಿಕೊಳ್ಳುವುದು. ಇ ಕೋಶದಲ್ಲಿ ಎಂಡ್-1, ಎಂಡ್-3 ಎಂಬ ಫ್ಯಾಕ್ಟರ್‌ಗಳು ಸ್ವಲ್ಪ ಕಾಲ ಬಂದು ಹೋಗುತ್ತವೆ. ಹೋಗುವ ಮುನ್ನ ಇನ್ನೊಂದು ಫ್ಯಾಕ್ಟರ್ ಆದ ಇಎಲ್‌ಟಿ-2ನ್ನು ಹಚ್ಚಿರುತ್ತವೆ. ಇಎಲ್‌ಟಿ-2 ತನ್ನದೇ ಜೀನಿನ ಮೇಲೆ ಕೂತು ತನ್ನನ್ನೇ ಹಚ್ಚಿಕೊಳ್ಳುತ್ತ ಹುಳ ಸಾಯುವತನಕ ಕರುಳಿನಲ್ಲಿ ಉಳಿಯುತ್ತದೆ. ಮಯೋಡಿಯೂ ಹೀಗೇ ಮಾಡುತ್ತದೆ.

ಹಳೇಪಾಠ

ಇನ್ನೊಂದು, ಎದುರಾಳಿಯನ್ನು ಅದುಮುವುದು. ರಕ್ತದ ಕೋಶಗಳಲ್ಲಿ ಗಾಟಾ1 ಕೆಂಪು ಕೋಶದ ಕಡೆಗೆ ಎಳೆಯುತ್ತದೆ, ಪಿಯು.1 ಬಿಳಿಕೋಶಗಳ ಒಂದು ಬಣದ ಕಡೆಗೆ. ಎರಡೂ ಒಂದನ್ನೊಂದು ತಡೆಯುತ್ತವೆ. ಒಂದು ಮೇಲುಗೈ ಸಾಧಿಸಿದರೆ ಇನ್ನೊಂದು ಏಳುವುದು ಕಷ್ಟ. ಮೂರನೆಯದು ಕ್ರೊಮ್ಯಾಟಿನ್, ಅಂದರೆ ಪ್ರೋಟೀನುಗಳಿಗೆ ಸುತ್ತಿಕೊಂಡ ಡಿಎನ್‌ಎ: ಬೇಡದ ಜೀನುಗಳಿರುವ ಡಿಎನ್‌ಎಯನ್ನು ಬಿಗಿಯಾಗಿ ಸುತ್ತಿಡುವುದು. ಪಾಲಿಕೂಂಬ್ ಗುಂಪಿನ ಪ್ರೋಟೀನುಗಳು ಇದನ್ನು ನೋಡಿಕೊಳ್ಳುತ್ತವೆ.

ನಿಮ್ಮ ಮಯೋಡಿಗೂ ಇದು ತಟ್ಟುತ್ತದೆ. 1990ರಲ್ಲಿ ಹೆಲೆನ್ ಬ್ಲಾವ್ ಅವರ ಗುಂಪು ಯಕೃತ್ತಿನ ಮೂಲದ ಕೋಶಗಳಿಗೆ ಮಯೋಡಿ ಕೊಟ್ಟಿತು. ಅವು ಸ್ನಾಯುವಾಗಲಿಲ್ಲ. ಅವೇ ಕೋಶಗಳನ್ನು ಫೈಬ್ರೊಬ್ಲಾಸ್ಟ್‌ಗಳೊಂದಿಗೆ ಬೆಸೆದಾಗ ಸ್ನಾಯುವಿನ ಜೀನುಗಳು ಎಚ್ಚರಗೊಂಡವು. 1987ರ ಪ್ರಯೋಗ ಅಷ್ಟು ಚೆನ್ನಾಗಿ ಗೆದ್ದದ್ದರಲ್ಲಿ ಫೈಬ್ರೊಬ್ಲಾಸ್ಟಿನದೂ ದೊಡ್ಡ ಪಾಲಿದೆ. ಅದರಲ್ಲಿ ಮಯೋಡಿಗೆ ಬೇಕಾದ ಸಹಾಯಕರು ಮೊದಲೇ ಇದ್ದರು.

ಪ್ರಶ್ನಾರ್ಥಕ

ಕಟ್ಟುಬಿದ್ದದ್ದು ಎನ್ನುತ್ತೀರಿ. ಜಪಾನಿನ ವಿಜ್ಞಾನಿ ಯಾಮಾನಾಕಾ 2006ರಲ್ಲಿ ಬರೀ ನಾಲ್ಕು ಫ್ಯಾಕ್ಟರ್‌ಗಳಿಂದ ಇಲಿಯ ಚರ್ಮದ ಕೋಶವನ್ನು ಮೈಯ ಯಾವ ಕೋಶವಾದರೂ ಆಗಬಲ್ಲ ಭ್ರೂಣದ ಕಾಂಡಕೋಶದಂತೆ ಮಾಡಲಿಲ್ಲವೇ? ಕಟ್ಟು ಬಿಚ್ಚಿತಲ್ಲ?

ನಾಲ್ಕನೇದಿನ

ಬಿಚ್ಚಿತು. ಆಕ್ಟ್4, ಸಾಕ್ಸ್2, ಕೆಎಲ್‌ಎಫ್4, ಸಿ-ಮಿಕ್. 24 ಅಭ್ಯರ್ಥಿಗಳಿಂದ ಒಂದೊಂದನ್ನೇ ಬಿಟ್ಟು ನೋಡಿ ಈ ನಾಲ್ಕಕ್ಕೆ ಇಳಿಸಿದರು. ಅದಕ್ಕೂ ಮುಂಚೆ 1962ರಲ್ಲೇ ಜಾನ್ ಗರ್ಡನ್ ಗೊದಮೊಟ್ಟೆಯ ಕರುಳಿನ ನ್ಯೂಕ್ಲಿಯಸ್ಸನ್ನು ಕಪ್ಪೆಯ ಮೊಟ್ಟೆಗೆ ಹಾಕಿ ಹೊಸ ಜೀವ ಬರಿಸಿದ್ದರು. 2012ರ ನೊಬೆಲ್ ಇಬ್ಬರಿಗೂ ಬಂತು. ಆದರೆ ನಾಲ್ಕು ಫ್ಯಾಕ್ಟರ್ ಕೊಟ್ಟ ಕೋಶಗಳಲ್ಲಿ ದಾರಿ ಮುಗಿಸಿದವು ನೂರಕ್ಕೆ ಒಂದಕ್ಕಿಂತ ತೀರಾ ಕಡಿಮೆ, ಅದಕ್ಕೂ ವಾರಗಳು ಹಿಡಿದವು. ಕಟ್ಟು ಬಿಚ್ಚಬಹುದು. ಗಟ್ಟಿಯಾಗಿ ಬಿದ್ದಿತ್ತು ಎಂಬುದಕ್ಕೂ ಇದೇ ಸಾಕ್ಷಿ.

ಕೋಶದ ಹಿಂದಿನ ಬದುಕು ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ನನಗೆ ಹಿಡಿಸುವುದು 2006ರದ್ದೇ ಇನ್ನೊಂದು ಕೆಲಸ, ಕೊಯಿಚಿ ಅಕಾಶಿ ಅವರ ಗುಂಪಿನದು. ರಕ್ತದ ಮೂಲಕೋಶಗಳಿಗೆ ಎರಡು ಫ್ಯಾಕ್ಟರ್ ಕೊಟ್ಟರು: ಸಿಇಬಿಪಿ-ಆಲ್ಫಾ ಮತ್ತು ಗಾಟಾ2. ಮೊದಲು ಸಿಇಬಿಪಿ-ಆಲ್ಫಾ, ಆಮೇಲೆ ಗಾಟಾ2 ಕೊಟ್ಟರೆ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕೋಶ ಬಂತು. ಮೊದಲು ಗಾಟಾ2, ಆಮೇಲೆ ಸಿಇಬಿಪಿ-ಆಲ್ಫಾ ಕೊಟ್ಟರೆ ಬೇಸೊಫಿಲ್ ಎಂಬ ಇನ್ನೊಂದು ಬಗೆಯ ಬಿಳಿ ರಕ್ತಕೋಶ ಬಂತು. ಕೊನೆಗೆ ಎರಡರಲ್ಲೂ ಇದ್ದದ್ದು ಅವೇ ಎರಡು. ಬೇರೆಯಾದದ್ದು ಯಾವುದು ಮೊದಲು ಎಂಬುದಷ್ಟೇ.

ಪ್ರಶ್ನಾರ್ಥಕ

ಇದು ಗೊತ್ತಿರಲಿಲ್ಲ. ಈಗ ಯಜಮಾನ ಎಂಬ ಪದವನ್ನು ಪೂರ್ತಿಯಾಗಿ ಬಿಡುತ್ತೇನೆ. ಯಾರು ಯಾರಿದ್ದಾರೆ ಎಂಬ ಪಟ್ಟಿ ಕೂಡ ಸಾಲುವುದಿಲ್ಲ ಎಂದಾಯಿತು.

ಅರಳುಮೊಗ್ಗು

ನನ್ನ ಸ್ಲೈಡ್‌ಗಳನ್ನ ಅಳಿಸಿ ಹೊಸದಾಗಿ ಬರೀತಿದ್ದೀನಿ. ಬಾಣಗಳ ಬದಲು ಎನ್‌ಹ್ಯಾನ್ಸರ್ ಬರೆದು ಅದರ ಮೇಲೆ ಯಾರು ಕೂತಿದ್ದಾರೆ, ಯಾರು ಕೂರಬೇಕಾದವರು ಇಲ್ಲ ಅಂತ ತೋರಿಸೋಣ ಅಂದುಕೊಂಡೆ. ಆದರೆ ಶುರು ಮಾಡಿದ ಪ್ರಶ್ನೆಗೇ ನೇರ ಉತ್ತರ ಇನ್ನೂ ಸಿಕ್ಕಿಲ್ಲ. ಇಲಿಯ ಭ್ರೂಣದಲ್ಲಿ ಮಯೋಡಿಯನ್ನ ಹಚ್ಚೋದು ಯಾರು?

ನಾಲ್ಕನೇದಿನ

ಎಲ್ಲಿ ಎಂದು ಕೇಳಿದರೆ ಹೇಳಬಹುದು.

ಮುಂಡದಲ್ಲಿ ಬೆನ್ನಿನ ನರನಾಳದ ಎರಡೂ ಬದಿಗೆ ಸೊಮೈಟ್ ಎಂಬ ಕೋಶದ ಗಂಟುಗಳು ಸಾಲಾಗಿ ಏಳುತ್ತವೆ. ನರನಾಳದ ಕಡೆಯಿಂದ ವಿಂಟ್ ಸಂಕೇತ, ಅದರ ಕೆಳಗಿನ ಕೋಲಿನಂಥ ನೋಟೊಕಾರ್ಡ್‌ನಿಂದ ಸಾನಿಕ್ ಹೆಡ್ಜ್‌ಹಾಗ್ ಬಂದು ಸೊಮೈಟಿನ ಒಂದು ಅಂಚಿನಲ್ಲಿ ಸೇರುತ್ತವೆ. ಅಲ್ಲಿ ಮೊದಲು ಮಿಫ್5 ಹತ್ತುತ್ತದೆ, ಮಯೋಡಿ ಆಮೇಲೆ. ಮಿಫ್5 ಜೀನಿಗೆ ಎನ್‌ಹ್ಯಾನ್ಸರ್‌ಗಳು ಲಕ್ಷ ಅಕ್ಷರಗಳಿಗಿಂತ ದೂರದವರೆಗೂ ಚದುರಿಕೊಂಡಿವೆ. ಒಂದೊಂದೂ ಮೈಯ ಒಂದೊಂದು ಜಾಗದ, ಒಂದೊಂದು ಹೊತ್ತಿನ ಮಾತು ಕೇಳುತ್ತದೆ. ಈವನ್-ಸ್ಕಿಪ್ಡ್ ಪಟ್ಟೆಗಳ ಕಥೆಯೇ, ಇನ್ನೂ ದೊಡ್ಡ ಹರವಿನಲ್ಲಿ.

ಕೈಕಾಲಿನ ಸ್ನಾಯುವಿನ ಮೂಲಕೋಶಗಳು ಸೊಮೈಟಿನಿಂದ ಹೊರಟು ಮೊಳಕೆಯಂಥ ಕೈಕಾಲಿಗೆ ನಡೆದುಹೋಗುತ್ತವೆ. ಅವಕ್ಕೆ ಪ್ಯಾಕ್ಸ್3 ಎಂಬ ಫ್ಯಾಕ್ಟರ್ ಬೇಕು. ಪ್ಯಾಕ್ಸ್3 ಕೆಟ್ಟ ಇಲಿ ಭ್ರೂಣಕ್ಕೆ ಕೈಕಾಲಿನ ಸ್ನಾಯು ಇರುವುದಿಲ್ಲ.

1997ರಲ್ಲಿ ಪ್ಯಾಕ್ಸ್3 ಮತ್ತು ಮಿಫ್5 ಎರಡೂ ಇಲ್ಲದ ಇಲಿ ಭ್ರೂಣಗಳನ್ನು ನೋಡಿದರು. ಮುಂಡದಲ್ಲಿ ಮಯೋಡಿ ಹತ್ತಲೇ ಇಲ್ಲ, ಸ್ನಾಯುವೂ ಇಲ್ಲ. ತಲೆಯಲ್ಲಿ ಮಾತ್ರ ಸ್ನಾಯುಗಳು ಇದ್ದವು. ತಲೆಯ ಸ್ನಾಯುಗಳು ಸೊಮೈಟಿನವಲ್ಲ, ಅಲ್ಲಿ ಪ್ಯಾಕ್ಸ್3ರ ಮಾತು ಕೇಳುವವರೇ ಇಲ್ಲ. ದವಡೆಯ ಸ್ನಾಯುವಿನಲ್ಲಿ ಅದೇ ಮಯೋಡಿಯನ್ನು ಎಬ್ಬಿಸುವ ಕೈಗಳು ಟಿಬಿಎಕ್ಸ್1, ಪಿಟ್‌ಎಕ್ಸ್2 ಮುಂತಾದ ಫ್ಯಾಕ್ಟರ್‌ಗಳು.

ಅರಳುಮೊಗ್ಗು

ಸಿಕ್ತು. ಮೊದಲ ಸ್ಲೈಡಿನಲ್ಲೇ ಆ 1997ರ ಭ್ರೂಣ ಹಾಕ್ತೀನಿ. ತಲೆಯಲ್ಲಿ ಸ್ನಾಯು ಇದೆ, ಕೆಳಗೆ ಇಲ್ಲ, ಯಾಕೆ ಅಂತ ತರಗತಿಯನ್ನೇ ಮೊದಲು ಕೇಳ್ತೀನಿ.